ಹಳೆಯ ಶಿಕ್ಷೆಯನ್ನು ದಾಖಲೆಯಿಂದ ತೆಗೆಸಬಹುದೇ? ಪದೇ ಪದೇ ಕೇಳುವ ಪ್ರಶ್ನೆಗಳು

ಎಂದೋ ಒಂದು ಪ್ರಕರಣದಲ್ಲಿ ಶಿಕ್ಷೆಯಾಗಿ, ದಂಡ ಕಟ್ಟಿ ಅಥವಾ ಜೈಲುವಾಸ ಮುಗಿಸಿ, ಆಮೇಲೆ ಯಾವ ತಂಟೆಗೂ ಹೋಗದೆ ಬದುಕು ಕಟ್ಟಿಕೊಂಡವರು ಮತ್ತು ಅವರ ಮನೆಯವರು ಹೆಚ್ಚಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಲಾಗಿದೆ. ಉತ್ತರಗಳು ಭಾರತದ ಕಾನೂನಿಗೆ ಸಂಬಂಧಿಸಿದವು. 2024ರ ಜುಲೈ 1ರಿಂದ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿರುವುದರಿಂದ, ಬೇಕಾದ ಕಡೆ ಹಳೆಯ ಮತ್ತು ಹೊಸ ಕಲಂ ಸಂಖ್ಯೆ ಎರಡನ್ನೂ ಕೊಡಲಾಗಿದೆ.

ಇಷ್ಟು ವರ್ಷ ಕಳೆದರೆ ಶಿಕ್ಷೆಯ ದಾಖಲೆ ತಾನಾಗಿಯೇ ಅಳಿಯುತ್ತದೆ ಎಂಬ ಕಾನೂನು ನಮ್ಮಲ್ಲಿ ಇದೆಯೇ?

ವಯಸ್ಕರಿಗೆ ಇಲ್ಲ. ಬ್ರಿಟನ್ನಿನಲ್ಲಿ 1974ರಿಂದಲೇ ಇಂಥ ಕಾನೂನು ಇದೆ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯ 2018ರಲ್ಲಿ, ಅರ್ಜಿಯನ್ನೇ ಹಾಕದಿದ್ದರೂ ಕೆಲವು ಹಳೆಯ ದಾಖಲೆಗಳು ತಾವಾಗಿ ಮುಚ್ಚಿಹೋಗುವ ವ್ಯವಸ್ಥೆಯನ್ನು ಶಾಸನದ ಮೂಲಕ ತಂದಿತು. ಭಾರತದಲ್ಲಿ ಹಾಗೆ ಎಲ್ಲರಿಗೂ ಅನ್ವಯಿಸುವ ಒಂದು ಶಾಸನ ಇನ್ನೂ ಆಗಿಲ್ಲ. ಆದರೆ ಶಿಕ್ಷೆಯ ದಾಖಲೆ ಉಳಿಯುವುದು ಬೇರೆ, ಆ ಶಿಕ್ಷೆಯಿಂದ ಬರುವ ಅನರ್ಹತೆ ಉಳಿಯುವುದು ಬೇರೆ. ಎರಡನೆಯದನ್ನು ತಡೆಯಲು, ಕಡಿಮೆ ಮಾಡಲು ಅಥವಾ ಅವಧಿ ಮುಗಿದ ಮೇಲೆ ಕೊನೆಗಾಣಿಸಲು ಹಲವು ಕಾಯ್ದೆಗಳಲ್ಲಿ ಅವಕಾಶಗಳಿವೆ. ಅವು ಒಂದೇ ಕಡೆ ಇಲ್ಲದಿರುವುದರಿಂದ ಬಹಳ ಜನರಿಗೆ, ಕೆಲವೊಮ್ಮೆ ವಕೀಲರಿಗೂ, ಸಮಯಕ್ಕೆ ಸರಿಯಾಗಿ ನೆನಪಿಗೆ ಬರುವುದಿಲ್ಲ.

ಹಾಗಾದರೆ ಶಿಕ್ಷೆಯಾದವರ ಮೇಲಿನ ನಿರ್ಬಂಧ ಎಷ್ಟು ಕಾಲ ಇರುತ್ತದೆ?

ಪ್ರತಿ ಕಾಯ್ದೆಯೂ ತನ್ನದೇ ಲೆಕ್ಕ ಇಟ್ಟುಕೊಂಡಿದೆ. ಜನಪ್ರತಿನಿಧಿ ಕಾಯ್ದೆ 1951ರ ಕಲಂ 8(3)ರಂತೆ ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯಾದವರು ಶಿಕ್ಷೆಯ ಅವಧಿಯಲ್ಲಿ ಮತ್ತು ಬಿಡುಗಡೆಯಾದ ಮೇಲೆ ಆರು ವರ್ಷ ಚುನಾವಣೆಗೆ ನಿಲ್ಲುವಂತಿಲ್ಲ. ಕಂಪನಿ ಕಾಯ್ದೆಯಂತೆ ಆರು ತಿಂಗಳು ಅಥವಾ ಹೆಚ್ಚಿನ ಶಿಕ್ಷೆಯಾದವರು, ಶಿಕ್ಷೆ ಮುಗಿದು ಐದು ವರ್ಷ ಆಗುವವರೆಗೆ ನಿರ್ದೇಶಕರಾಗುವಂತಿಲ್ಲ. ವಕೀಲರ ಕಾಯ್ದೆಯ ಕಲಂ 24ಎ ಪ್ರಕಾರ ನೈತಿಕ ಅಧಃಪತನದ (ವಂಚನೆಯಂಥ ನೀತಿಗೆಟ್ಟ ನಡತೆಯ) ಅಪರಾಧದಲ್ಲಿ ಶಿಕ್ಷೆಯಾದವರು ಬಿಡುಗಡೆಯಾಗಿ ಎರಡು ವರ್ಷ ಕಳೆದ ಮೇಲೆ ವಕೀಲರಾಗಿ ನೋಂದಾಯಿಸಿಕೊಳ್ಳುವುದಕ್ಕೆ ಆ ಅನರ್ಹತೆ ಅಡ್ಡಿಯಾಗುವುದಿಲ್ಲ.

ಮತದಾನದ ಬಗ್ಗೆ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಜೈಲಿನಲ್ಲಿರುವಾಗ ಮತ ಹಾಕುವಂತಿಲ್ಲ ಎಂಬುದು ನಿಜ. ಆದರೆ ಶಿಕ್ಷೆ ಮುಗಿಸಿ ಹೊರಬಂದವರು, ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ, ಎಲ್ಲರಂತೆಯೇ ಮತ ಹಾಕಬಹುದು. ಈ ಕಾರಣಕ್ಕೆ ಮತಗಟ್ಟೆಯಿಂದ ದೂರ ಉಳಿದವರು ಯಾರಾದರೂ ನಿಮಗೆ ಗೊತ್ತಿದ್ದರೆ ದಯವಿಟ್ಟು ಅವರಿಗೆ ಇದನ್ನು ಹೇಳಿ.

ಇಸ್ಪೀಟು ಆಡುವಾಗ ಹಿಡಿದು, ಕೋರ್ಟಿನಲ್ಲಿ ಇನ್ನೂರು ಮುನ್ನೂರು ರೂಪಾಯಿ ದಂಡ ಕಟ್ಟಿಸಿಕೊಂಡು ಬಿಟ್ಟರು. ಅದೂ ಶಿಕ್ಷೆಯೇ?

ಹೌದು. ಹಬ್ಬದ ದಿನ ಊರ ಹೊರಗಿನ ಮರದ ಕೆಳಗೆ ಅಂದರ್ ಬಾಹರ್ ಆಡುತ್ತಿದ್ದ ಹುಡುಗರ ಮೇಲೆ ಕರ್ನಾಟಕ ಪೊಲೀಸ್ ಕಾಯ್ದೆ 1963ರ ಕಲಂ 87ರಡಿ ಪ್ರಕರಣ ದಾಖಲಾಗುವುದು ನಮ್ಮಲ್ಲಿ ಸಾಮಾನ್ಯ. ನ್ಯಾಯಾಲಯದಲ್ಲಿ ಯಾರೋ ಪಕ್ಕದಲ್ಲಿ ನಿಂತು “ಒಪ್ಪಿಕೊಂಡು ಫೈನ್ ಕಟ್ಟಿಬಿಡು, ಅಲೆದಾಟ ತಪ್ಪುತ್ತದೆ” ಎನ್ನುತ್ತಾರೆ. ಹುಡುಗ ತಲೆಯಾಡಿಸುತ್ತಾನೆ, ದಂಡದ ರಸೀದಿ ಪಡೆದು ಬಸ್ಸು ಹತ್ತುತ್ತಾನೆ, ಪ್ರಕರಣ ಮುಗಿಯಿತು ಎಂದುಕೊಳ್ಳುತ್ತಾನೆ. ಆದರೆ ಕಾನೂನಿನ ದೃಷ್ಟಿಯಲ್ಲಿ ಅದು ತಪ್ಪೊಪ್ಪಿಗೆಯ ಮೇಲೆ ಆದ ಅಪರಾಧ ನಿರ್ಣಯ, ಅಂದರೆ ತಪ್ಪಿತಸ್ಥನೆಂಬ ನ್ಯಾಯಾಲಯದ ತೀರ್ಮಾನ. ಮುಂದೆ ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಗೋ ಬ್ಯಾಂಕಿನ ಕೆಲಸಕ್ಕೋ ಆಯ್ಕೆಯಾದಾಗ, ಪರಿಶೀಲನಾ ನಮೂನೆಯಲ್ಲಿ “ನಿಮಗೆ ಎಂದಾದರೂ ಶಿಕ್ಷೆಯಾಗಿದೆಯೇ” ಎಂಬ ಸಾಲಿನ ಮುಂದೆ ಅವನು ಹೌದು ಎಂದೇ ಬರೆಯಬೇಕಾಗುತ್ತದೆ.

ತಪ್ಪೊಪ್ಪಿಕೊಂಡ ಮೇಲೆ ಮೇಲ್ಮನವಿಯ ಹಕ್ಕು ಬಹಳ ಕಿರಿದಾಗುತ್ತದೆ; ಶಿಕ್ಷೆಯ ಪ್ರಮಾಣ ಮತ್ತು ಕಾನೂನುಬದ್ಧತೆಯನ್ನಷ್ಟೇ ಪ್ರಶ್ನಿಸಬಹುದು, ತೀರಾ ಸಣ್ಣ ದಂಡವಾದರೆ ಅದಕ್ಕೂ ಅವಕಾಶವಿರುವುದಿಲ್ಲ. ಆದ್ದರಿಂದ ಪ್ರಕರಣ ಎಷ್ಟೇ ಚಿಕ್ಕದಾಗಿದ್ದರೂ, ಮುಖ್ಯವಾಗಿ ಓದುತ್ತಿರುವ ಅಥವಾ ಕೆಲಸ ಹುಡುಕುತ್ತಿರುವ ವಯಸ್ಸಿನವರು, ಒಬ್ಬ ವಕೀಲರನ್ನು ಕೇಳದೆ ಒಪ್ಪಿಕೊಳ್ಳಬಾರದು.

ತಪ್ಪು ನಡೆದಿರುವುದು ನಿಜವಾಗಿದ್ದರೆ, ಭವಿಷ್ಯ ಹಾಳಾಗದಂತೆ ನ್ಯಾಯಾಲಯವನ್ನು ಏನು ಕೇಳಬಹುದು?

ಇಡೀ ವಿಷಯದಲ್ಲಿ ಅತಿ ಮುಖ್ಯವಾದ ಪ್ರಶ್ನೆ ಇದೇ ಎಂಬುದು ನಮ್ಮ ಅಭಿಪ್ರಾಯ. ಕೇಳಬೇಕಾದುದು ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ, 1958ರ ಲಾಭವನ್ನು. ನ್ಯಾಯಾಲಯಗಳಲ್ಲಿ ಇದನ್ನು ಪ್ರೊಬೇಷನ್ ಕಾಯ್ದೆ ಎಂದೇ ಕರೆಯುತ್ತಾರೆ. ಕಲಂ 3ರ ಪ್ರಕಾರ, ಹಿಂದೆ ಶಿಕ್ಷೆಯಾಗಿರದ ವ್ಯಕ್ತಿಯನ್ನು ಕಳವು, ವಂಚನೆ ಮುಂತಾದ ಕೆಲವು ಅಪರಾಧಗಳಲ್ಲಿ ಅಥವಾ ಎರಡು ವರ್ಷಕ್ಕೆ ಮೀರದ ಶಿಕ್ಷೆ ಇರುವ ಅಪರಾಧಗಳಲ್ಲಿ ಎಚ್ಚರಿಕೆ ಕೊಟ್ಟು ಬಿಡಬಹುದು. ಕಲಂ 4ರ ಪ್ರಕಾರ, ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಗೆ ಒಳಪಡದ ಅಪರಾಧಗಳಲ್ಲಿ, ಮೂರು ವರ್ಷಕ್ಕೆ ಮೀರದ ಅವಧಿಗೆ ಸದ್ವರ್ತನೆಯ ಮುಚ್ಚಳಿಕೆ ಬರೆಸಿಕೊಂಡು ಬಿಡುಗಡೆ ಮಾಡಬಹುದು. ಇಪ್ಪತ್ತೊಂದು ವರ್ಷ ತುಂಬದವರ ವಿಷಯದಲ್ಲಿ ಕಲಂ 6 ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಜೀವಾವಧಿ ಶಿಕ್ಷೆಗೆ ಒಳಪಡದ ಅಪರಾಧವಾದರೆ, ಪರಿವೀಕ್ಷಣಾಧಿಕಾರಿಯ ವರದಿ ತರಿಸಿಕೊಂಡು ನೋಡಿ, ಜೈಲಿಗೆ ಕಳುಹಿಸಲೇಬೇಕಾದರೆ ಅದಕ್ಕೆ ಕಾರಣಗಳನ್ನು ಬರೆದಿಡಬೇಕು ಎಂದು ನ್ಯಾಯಾಲಯವನ್ನು ಕಟ್ಟಿಹಾಕುತ್ತದೆ.

ಇದರ ನಿಜವಾದ ಬೆಲೆ ಇರುವುದು ಕಲಂ 12ರಲ್ಲಿ. ಕಲಂ 3 ಅಥವಾ 4ರಡಿ ಬಿಡುಗಡೆಯಾದ ವ್ಯಕ್ತಿಗೆ, ಬೇರೆ ಯಾವುದೇ ಕಾನೂನಿನಲ್ಲಿ ಏನೇ ಹೇಳಿದ್ದರೂ, ಅಪರಾಧ ನಿರ್ಣಯಕ್ಕೆ ಅಂಟಿಕೊಂಡ ಅನರ್ಹತೆ ತಗಲುವುದಿಲ್ಲ ಎಂದು ಅದು ಹೇಳುತ್ತದೆ. ವಕೀಲರ ಕಾಯ್ದೆಯ ಕಲಂ 24ಎ ಕೂಡ ಇವರನ್ನು ತನ್ನ ನಿರ್ಬಂಧದಿಂದ ಪೂರ್ತಿಯಾಗಿ ಹೊರಗಿಟ್ಟಿದೆ. ಮುಚ್ಚಳಿಕೆಯ ಷರತ್ತು ಮುರಿದು, ಮೂಲ ಅಪರಾಧಕ್ಕೆ ಮತ್ತೆ ಶಿಕ್ಷೆ ವಿಧಿಸಿದರೆ ಮಾತ್ರ ಈ ರಕ್ಷಣೆ ಹೋಗುತ್ತದೆ.

ಕೆಳಗಿನ ನ್ಯಾಯಾಲಯದಲ್ಲಿ ಇದನ್ನು ಕೇಳುವುದು ಬಿಟ್ಟುಹೋಗಿದ್ದರೆ ನಿರಾಶರಾಗಬೇಕಾಗಿಲ್ಲ. ಕಲಂ 11ರಂತೆ ಮೇಲ್ಮನವಿ ನ್ಯಾಯಾಲಯವೂ ಉಚ್ಚ ನ್ಯಾಯಾಲಯವೂ ಇದೇ ಆದೇಶವನ್ನು ಮಾಡಬಹುದು. ಮಾದಕವಸ್ತು ಕಾಯ್ದೆಯಂಥ ಕೆಲವು ವಿಶೇಷ ಕಾನೂನುಗಳಲ್ಲಿ ಮಾತ್ರ ಈ ಲಾಭಕ್ಕೆ ಬಹಳ ಮಟ್ಟಿಗೆ ತಡೆ ಇದೆ.

ಪ್ರೊಬೇಷನ್ ಸಿಕ್ಕರೆ ಸರ್ಕಾರಿ ಕೆಲಸವೂ ಉಳಿಯುತ್ತದೆಯೇ?

ಹಾಗೆಂದು ಖಚಿತವಾಗಿ ಹೇಳಲಾಗದು. ಕಲಂ 12 ಅಪರಾಧ ನಿರ್ಣಯವನ್ನೇ ತೊಳೆದುಹಾಕುವುದಿಲ್ಲ, ಇಲಾಖೆಯು ಆ ನಡತೆಯನ್ನು ಪರಿಗಣಿಸಿ ಶಿಸ್ತುಕ್ರಮ ಕೈಗೊಳ್ಳುವುದನ್ನು ತಡೆಯುವುದೂ ಇಲ್ಲ ಎಂದು ಸರ್ವೋಚ್ಚ ನ್ಯಾಯಾಲಯ ಹಲವು ಬಾರಿ ಹೇಳಿದೆ. ಆದರೆ ಆ ಕ್ರಮ ಕಣ್ಣುಮುಚ್ಚಿ ಕೈಗೊಳ್ಳುವಂಥದ್ದಲ್ಲ.

1985ರಲ್ಲಿ ತೀರ್ಮಾನವಾದ ಒಂದು ಪ್ರಕರಣ ಇದಕ್ಕೆ ಒಳ್ಳೆಯ ಉದಾಹರಣೆ. ದೆಹಲಿಯ ಸರ್ಕಾರಿ ಹಾಲು ಪೂರೈಕೆ ಯೋಜನೆಯಲ್ಲಿ ನಗದು ಗುಮಾಸ್ತರಾಗಿದ್ದವರೊಬ್ಬರು ಐದುನೂರು ರೂಪಾಯಿಯನ್ನು ಸಮಯಕ್ಕೆ ಜಮಾ ಮಾಡಿರಲಿಲ್ಲ. ವಯಸ್ಸಿಗೆ ಬಂದ ಮಗ ತೀರಿಕೊಂಡಿದ್ದ, ಹೆಂಡತಿ ಹಾಸಿಗೆ ಹಿಡಿದಿದ್ದರು, ಮಗಳು ಬಿದ್ದು ಪೆಟ್ಟು ಮಾಡಿಕೊಂಡಿದ್ದಳು. ಹಣ ಹಿಂತಿರುಗಿಸಿ, ತಪ್ಪೊಪ್ಪಿಕೊಂಡ ಅವರನ್ನು 1963ರಲ್ಲಿ ಮ್ಯಾಜಿಸ್ಟ್ರೇಟರು ಅನುಕಂಪದಿಂದ ಪ್ರೊಬೇಷನ್ ಮೇಲೆ ಬಿಟ್ಟರು. ಇಲಾಖೆ ಮಾತ್ರ ಕೆಲಸದಿಂದಲೇ ವಜಾ ಮಾಡಿತು. ವಜಾ ಎಂಬುದು ಕಲಂ 12ರ ಅರ್ಥದ ಅನರ್ಹತೆಯಲ್ಲ ಎಂದು ಒಪ್ಪಿಕೊಂಡೂ, ಮ್ಯಾಜಿಸ್ಟ್ರೇಟರ ಮಾತಿಗೆ ಗಮನವನ್ನೇ ಕೊಡದೆ ವಿಧಿಸಿದ ಆ ದಂಡನೆ ಅತಿಯಾಯಿತು ಎಂದು ಸರ್ವೋಚ್ಚ ನ್ಯಾಯಾಲಯ ಅವರನ್ನು ಹಿಂಬಾಕಿ ಸಂಬಳದೊಂದಿಗೆ ಕೆಲಸಕ್ಕೆ ಮರಳಿಸಿತು. ಅಷ್ಟು ಹೊತ್ತಿಗೆ ಇಪ್ಪತ್ತು ವರ್ಷಗಳೇ ಕಳೆದಿದ್ದವು. ಐದುನೂರು ರೂಪಾಯಿಗೆ ಇಪ್ಪತ್ತು ವರ್ಷ ಎಂಬುದನ್ನು ಓದಿದಾಗಲೆಲ್ಲ ಮನಸ್ಸು ಕಲಕುತ್ತದೆ.

ಶಿಕ್ಷೆಯಾಗಿ ಬಹಳ ಕಾಲವಾಗಿದೆ. ಈಗಲೂ ಅಪರಾಧ ನಿರ್ಣಯವನ್ನು ರದ್ದುಪಡಿಸಿಕೊಳ್ಳುವ ದಾರಿ ಇದೆಯೇ?

ದಾರಿ ಇದೆ, ಸುಲಭವಲ್ಲ. ಮ್ಯಾಜಿಸ್ಟ್ರೇಟರ ತೀರ್ಪಿನ ವಿರುದ್ಧ ಸೆಷನ್ಸ್ ನ್ಯಾಯಾಲಯಕ್ಕೆ ಮೇಲ್ಮನವಿ ಹಾಕಲು 30 ದಿನ, ಉಚ್ಚ ನ್ಯಾಯಾಲಯಕ್ಕಾದರೆ 60 ದಿನ ಕಾಲಾವಕಾಶ. ವಿಳಂಬಕ್ಕೆ ಒಪ್ಪತಕ್ಕ ಕಾರಣವಿದ್ದರೆ ಅದನ್ನು ಮನ್ನಿಸುವ ಅಧಿಕಾರ ನ್ಯಾಯಾಲಯಕ್ಕಿದೆ. ಆದರೆ ಅನೇಕ ವರ್ಷಗಳ ವಿಳಂಬಕ್ಕೆ “ತಿಳಿದಿರಲಿಲ್ಲ” ಎಂಬ ಒಂದು ಮಾತು ಸಾಲುವುದಿಲ್ಲ.

ಮೇಲ್ಮನವಿ ಇನ್ನೂ ಬಾಕಿ ಇದ್ದರೆ ರಾಜಿಗೆ ಅವಕಾಶವಿದೆ. ರಾಜಿಯಾಗಬಲ್ಲ ಅಪರಾಧಗಳಲ್ಲಿ ಆ ನ್ಯಾಯಾಲಯದ ಅನುಮತಿ ಪಡೆದು ರಾಜಿ ಮಾಡಿಕೊಂಡರೆ ಅದಕ್ಕೆ ಖುಲಾಸೆಯ ಪರಿಣಾಮವೇ ಬರುತ್ತದೆ. ಹಳೆಯ ಸಂಹಿತೆಯ ಕಲಂ 320, ಹೊಸದರ ಕಲಂ 359 ಇದನ್ನು ಹೇಳುತ್ತವೆ. ಚೆಕ್ ಬೌನ್ಸ್ ಪ್ರಕರಣಗಳಲ್ಲಿ ಶಿಕ್ಷೆಯಾದ ಮೇಲೂ ಹಣ ಕೊಟ್ಟು ರಾಜಿಯಾಗಿ, ಅಪರಾಧ ನಿರ್ಣಯದಿಂದ ಹೊರಬರುವವರು ಬಹಳ. ರಾಜಿಯಾಗದ ಅಪರಾಧವಾದರೂ, ಅದು ಇಬ್ಬರ ನಡುವಿನ ಖಾಸಗಿ ಸ್ವರೂಪದ್ದಾಗಿದ್ದು ಮೇಲ್ಮನವಿ ಬಾಕಿ ಇದ್ದಾಗ ಪಕ್ಷಗಾರರು ನಿಜವಾಗಿ ಹೊಂದಿಕೊಂಡಿದ್ದರೆ, ಉಚ್ಚ ನ್ಯಾಯಾಲಯ ತನ್ನ ಅಂತರ್ಗತ ಅಧಿಕಾರ ಬಳಸಿ ನಡಾವಳಿಯನ್ನೇ ರದ್ದುಪಡಿಸಬಹುದು ಎಂದು ಸರ್ವೋಚ್ಚ ನ್ಯಾಯಾಲಯ 2021ರಲ್ಲಿ ಹೇಳಿದೆ.

ಶಿಕ್ಷೆಗೆ ತಡೆ ಸಿಗುವುದಕ್ಕೂ ಅಪರಾಧ ನಿರ್ಣಯಕ್ಕೆ ತಡೆ ಸಿಗುವುದಕ್ಕೂ ವ್ಯತ್ಯಾಸವಿದೆ. ಮೇಲ್ಮನವಿಯಲ್ಲಿ ಜಾಮೀನು ಸಿಕ್ಕಿತೆಂದರೆ ಶಿಕ್ಷೆ ಅಮಾನತ್ತಿನಲ್ಲಿದೆ ಎಂದಷ್ಟೇ ಅರ್ಥ. ಅನರ್ಹತೆ ಹಾಗೆಯೇ ಇರುತ್ತದೆ. ಅಪರಾಧ ನಿರ್ಣಯಕ್ಕೆ ತಡೆಯನ್ನು ಪ್ರತ್ಯೇಕವಾಗಿ ಕೇಳಬೇಕು, ನ್ಯಾಯಾಲಯಗಳು ಅದನ್ನು ಅಪರೂಪಕ್ಕೆ ಮಾತ್ರ ಕೊಡುತ್ತವೆ.

ರಾಜ್ಯಪಾಲರ ಕ್ಷಮಾದಾನ ಸಿಕ್ಕರೆ? ಸನ್ನಡತೆಯ ಮೇಲೆ ಬಿಡುಗಡೆಯಾದರೆ?

ಸಂವಿಧಾನದ 72 ಮತ್ತು 161ನೇ ವಿಧಿಗಳಡಿ ಪೂರ್ಣ ಕ್ಷಮಾದಾನ ಸಿಗುವುದು ಬಹಳ ಅಪರೂಪ. ಸ್ವಾತಂತ್ರ್ಯೋತ್ಸವದಂಥ ಸಂದರ್ಭಗಳಲ್ಲಿ ಆಗುವ ಬಿಡುಗಡೆ ಕ್ಷಮಾದಾನವಲ್ಲ, ಉಳಿದ ಶಿಕ್ಷೆಯ ಮಾಫಿ. ಮಾಫಿಯಿಂದ ಅಪರಾಧ ನಿರ್ಣಯವಾಗಲಿ ನ್ಯಾಯಾಲಯ ವಿಧಿಸಿದ ಶಿಕ್ಷೆಯಾಗಲಿ ಅಳಿಸಿಹೋಗುವುದಿಲ್ಲ ಎಂದು 1961ರಷ್ಟು ಹಿಂದೆಯೇ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿದೆ.

ಹದಿನೆಂಟು ತುಂಬುವ ಮೊದಲು ನಡೆದ ಪ್ರಕರಣವಾದರೆ?

ಇಲ್ಲಿ ಮಾತ್ರ ನಮ್ಮ ಕಾನೂನು ನಿಜವಾಗಿ ಉದಾರವಾಗಿದೆ. ಬಾಲ ನ್ಯಾಯ ಕಾಯ್ದೆ, 2015 ತನ್ನ ಮೂಲತತ್ವಗಳಲ್ಲಿಯೇ ಮಗುವಿಗೆ ಹೊಸ ಆರಂಭದ ಹಕ್ಕನ್ನು ಸೇರಿಸಿದೆ. ಕಲಂ 24ರ ಪ್ರಕಾರ ಅಂಥ ಮಗುವಿಗೆ ಅಪರಾಧ ನಿರ್ಣಯದ ಅನರ್ಹತೆ ತಗಲುವುದಿಲ್ಲ. ಅಷ್ಟೇ ಅಲ್ಲ, ಸಂಬಂಧಿಸಿದ ದಾಖಲೆಗಳನ್ನು ನಾಶಪಡಿಸುವಂತೆ ಬಾಲ ನ್ಯಾಯ ಮಂಡಳಿ ಪೊಲೀಸರಿಗೆ ಆದೇಶಿಸಬೇಕು. 2016ರ ಮಾದರಿ ನಿಯಮಗಳು ಮೇಲ್ಮನವಿಯ ಅವಧಿ ಮುಗಿಯುವವರೆಗೆ ಅಥವಾ ಏಳು ವರ್ಷದವರೆಗೆ ಮಾತ್ರ ದಾಖಲೆ ಇಟ್ಟುಕೊಳ್ಳಬೇಕು, ಅದಕ್ಕಿಂತ ಹೆಚ್ಚಿಲ್ಲ ಎನ್ನುತ್ತವೆ. ಮುಕ್ತಾಯವಾದ ಪ್ರಕರಣದ ಮಾಹಿತಿಯನ್ನು ನಡತೆ ಪ್ರಮಾಣಪತ್ರಕ್ಕಾಗಲಿ ಬೇರೆ ಕಾರಣಕ್ಕಾಗಲಿ ಪೊಲೀಸರು ಬಹಿರಂಗಪಡಿಸಬಾರದು ಎಂದು ಕಲಂ 74(2) ನಿಷೇಧಿಸುತ್ತದೆ.

ಅಪವಾದ ಒಂದಿದೆ. ಹದಿನಾರು ತುಂಬಿದವರು ಘೋರ ಅಪರಾಧ ಮಾಡಿ, ಮಕ್ಕಳ ನ್ಯಾಯಾಲಯ ಅವರನ್ನು ವಯಸ್ಕರಂತೆ ವಿಚಾರಣೆ ನಡೆಸಿ ತಪ್ಪಿತಸ್ಥರೆಂದು ಕಂಡಿದ್ದರೆ ಈ ರಕ್ಷಣೆ ಸಿಗುವುದಿಲ್ಲ.

ದಾಖಲೆ ನಾಶದ ಆದೇಶ ಆಗಿದೆಯೇ ಎಂದು ಮನೆಯವರು ಮಂಡಳಿಯಲ್ಲಿ ವಿಚಾರಿಸಿ, ಆಗಿಲ್ಲದಿದ್ದರೆ ಅರ್ಜಿ ಕೊಡುವುದು ಒಳ್ಳೆಯದು. ತಾನಾಗಿ ಆಗುತ್ತದೆ ಎಂದು ಸುಮ್ಮನಿರಬೇಡಿ. ಇನ್ನೊಂದು ಮುಖ್ಯ ಸಂಗತಿಯೆಂದರೆ, ಅಪರಾಧ ನಡೆದ ದಿನ ಹದಿನೆಂಟು ತುಂಬಿರಲಿಲ್ಲ ಎಂಬ ವಾದವನ್ನು ಯಾವ ಹಂತದಲ್ಲಾದರೂ, ಪ್ರಕರಣ ಅಂತಿಮವಾಗಿ ಮುಗಿದ ಮೇಲೂ, ಎತ್ತಬಹುದು ಎಂದು ಕಲಂ 9(2) ಹೇಳುತ್ತದೆ. ಶಾಲೆಯ ಜನ್ಮದಿನಾಂಕದ ದಾಖಲೆ ಅಥವಾ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಇದ್ದೂ ವಯಸ್ಕರೆಂದು ಶಿಕ್ಷೆಗೊಳಗಾದವರು ಇದನ್ನು ತಪ್ಪದೆ ಪರಿಶೀಲಿಸಬೇಕು.

ಖುಲಾಸೆಯಾಗಿದೆ. ಆದರೂ ನನ್ನ ಬೆರಳಚ್ಚು, ಫೋಟೋ ಪೊಲೀಸರ ಬಳಿ ಉಳಿಯುತ್ತವೆಯೇ?

1920ರ ಹಳೆಯ ಕಾಯ್ದೆಯ ಬದಲಿಗೆ ಬಂದ 2022ರ ದಂಡ ಪ್ರಕ್ರಿಯಾ ಗುರುತಿಸುವಿಕೆ ಕಾಯ್ದೆಯಂತೆ ಬೆರಳಚ್ಚು, ಫೋಟೋ, ಕಣ್ಣಿನ ಸ್ಕ್ಯಾನ್ ಮುಂತಾದವು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದಲ್ಲಿ 75 ವರ್ಷ ಇರುತ್ತವೆ. ಆದರೆ ಹಿಂದೆ ಶಿಕ್ಷೆಯಾಗಿರದ ವ್ಯಕ್ತಿ ವಿಚಾರಣೆಯಿಲ್ಲದೆ ಬಿಡುಗಡೆಯಾದರೆ, ಆರೋಪಮುಕ್ತನಾದರೆ ಅಥವಾ ಖುಲಾಸೆಯಾದರೆ, ಮೇಲ್ಮನವಿಗಳೆಲ್ಲ ಮುಗಿದ ನಂತರ ಅವನ್ನು ನಾಶಪಡಿಸಬೇಕು. ಬೇಡವೆಂದರೆ ನ್ಯಾಯಾಲಯ ಕಾರಣ ಬರೆದು ಆದೇಶಿಸಬೇಕು. ಶಿಕ್ಷೆಯಾದವರಿಗೆ ಈ ಅವಕಾಶವಿಲ್ಲ. ಇಪ್ಪತ್ತನೆಯ ವಯಸ್ಸಿನಲ್ಲಿ ಸಣ್ಣ ತಪ್ಪು ಮಾಡಿದವನ ಬೆರಳಚ್ಚು ಅವನಿಗೆ ತೊಂಬತ್ತೈದಾಗುವವರೆಗೂ ಕಡತದಲ್ಲಿರುತ್ತದೆ ಎಂಬುದು ನ್ಯಾಯವೆನಿಸುವುದಿಲ್ಲ.

ಶಿಕ್ಷೆಯೇ ಆಗಿಲ್ಲ, ಆದರೂ ರೌಡಿ ಪಟ್ಟಿಯಲ್ಲಿ ಹೆಸರಿದೆ. ತೆಗೆಸುವುದು ಹೇಗೆ?

ರೌಡಿ ಶೀಟ್ ನ್ಯಾಯಾಲಯದ ದಾಖಲೆಯಲ್ಲ, ಪೊಲೀಸ್ ಇಲಾಖೆಯ ಆಂತರಿಕ ನಿಗಾ ದಾಖಲೆ. ಪ್ರಕರಣಗಳು ಖುಲಾಸೆಯಾಗಿ, ಬಹಳ ಕಾಲದಿಂದ ಹೊಸ ದೂರು ಇಲ್ಲದಿದ್ದರೆ, ತೀರ್ಪುಗಳ ನಕಲಿನೊಂದಿಗೆ ಪೊಲೀಸ್ ವರಿಷ್ಠಾಧಿಕಾರಿಗೆ ಅಥವಾ ನಗರಗಳಲ್ಲಿ ಉಪ ಪೊಲೀಸ್ ಆಯುಕ್ತರಿಗೆ ಲಿಖಿತ ಮನವಿ ಕೊಡಬೇಕು. ಪ್ರಯೋಜನವಾಗದಿದ್ದರೆ ಉಚ್ಚ ನ್ಯಾಯಾಲಯದಲ್ಲಿ ರಿಟ್ ಅರ್ಜಿ ಸಲ್ಲಿಸಬಹುದು.

ಕೆಲಸದ ನಮೂನೆಯಲ್ಲಿ ಹಳೆಯ ಪ್ರಕರಣವನ್ನು ಬರೆಯಬೇಕೇ, ಬಿಡಬೇಕೇ?

ನಮೂನೆ ಸ್ಪಷ್ಟವಾಗಿ ಕೇಳಿದರೆ ಬರೆಯಬೇಕು. ಎಷ್ಟೋ ಜನರಿಗೆ ಕೆಲಸ ಹೋಗಿರುವುದು ಹಳೆಯ ಪ್ರಕರಣದಿಂದಲ್ಲ, ಅದನ್ನು ಮುಚ್ಚಿಟ್ಟದ್ದರಿಂದ. 2016ರಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೀಠ ಈ ಬಗ್ಗೆ ವಿವರವಾದ ಮಾರ್ಗಸೂಚಿ ಕೊಟ್ಟಿತು. ಅಭ್ಯರ್ಥಿ ಕೊಡುವ ಮಾಹಿತಿ ಸತ್ಯವಾಗಿರಬೇಕು. ಆದರೆ ಎಳೆ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಕ್ಷುಲ್ಲಕ ಪ್ರಕರಣವನ್ನು ಮುಚ್ಚಿಟ್ಟಿದ್ದರೂ ನೇಮಕ ಮಾಡುವವರು ವಿವೇಚನೆಯಿಂದ ಮನ್ನಿಸಬಹುದು. ಕೇಳದೇ ಇದ್ದ ಮಾಹಿತಿಯನ್ನು ಕೊಡಲಿಲ್ಲವೆಂದು ದೂರುವಂತಿಲ್ಲ. ಪ್ರಾಮಾಣಿಕವಾಗಿ ತಿಳಿಸಿದ ಮಾತ್ರಕ್ಕೆ ಕೆಲಸ ಕೊಡಲೇಬೇಕೆಂದೂ ಆ ತೀರ್ಪು ಹೇಳುವುದಿಲ್ಲ.

ಇದಕ್ಕೂ ಮೊದಲು, 2011ರಲ್ಲಿ, ದೆಹಲಿ ಪೊಲೀಸ್‌ ಹೆಡ್ ಕಾನ್‌ಸ್ಟೇಬಲ್ ಹುದ್ದೆಗೆ ಆಯ್ಕೆಯಾಗಿದ್ದ ಯುವಕನೊಬ್ಬ ಸುಮಾರು ಇಪ್ಪತ್ತರ ವಯಸ್ಸಿನ, ಆಮೇಲೆ ರಾಜಿಯಾಗಿ ಮುಗಿದ ಹೊಡೆದಾಟದ ಪ್ರಕರಣವನ್ನು ಅರ್ಜಿಯಲ್ಲಿ ಬರೆದಿರಲಿಲ್ಲ. ಅವನ ಪರವಾಗಿ ತೀರ್ಪು ಕೊಟ್ಟ ಸರ್ವೋಚ್ಚ ನ್ಯಾಯಾಲಯ, ಒಬ್ಬನಿಗೆ ಜೀವನಪೂರ್ತಿ ಅಪರಾಧಿಯೆಂಬ ಹಣೆಪಟ್ಟಿ ಹಚ್ಚುವುದಕ್ಕಿಂತ ಅವನನ್ನು ತಿದ್ದುವುದೇ ಇಂದಿನ ಧೋರಣೆಯಾಗಬೇಕು ಎಂಬ ಅರ್ಥದ ಮಾತು ಹೇಳಿತು. ಸಮವಸ್ತ್ರದ ಹುದ್ದೆಗಳಲ್ಲಿ ಇದಕ್ಕೆ ವ್ಯತಿರಿಕ್ತವಾದ ತೀರ್ಪುಗಳೂ ಬಂದಿರುವುದರಿಂದ, ಇದೊಂದನ್ನೇ ನಂಬಿ ಮಾಹಿತಿ ಮುಚ್ಚಿಡಬಾರದು.

ಬರೆಯುವಾಗ ಪ್ರಕರಣ ಸಂಖ್ಯೆ, ನ್ಯಾಯಾಲಯ, ಕಲಂ, ತೀರ್ಪಿನ ದಿನಾಂಕ ಮತ್ತು ಫಲಿತಾಂಶವನ್ನು ನಿಖರವಾಗಿ ನಮೂದಿಸಿ. ಪ್ರೊಬೇಷನ್ ಮೇಲೆ ಬಿಡುಗಡೆಯಾಗಿದ್ದರೆ ಕಲಂ 12ರ ರಕ್ಷಣೆ ಇದೆ ಎಂದು ಸೇರಿಸಿ.

ಪಾಸ್‌ಪೋರ್ಟ್ ಸಿಗುತ್ತದೆಯೇ?

ಪಾಸ್‌ಪೋರ್ಟ್ ಕಾಯ್ದೆ 1967ರ ಕಲಂ 6(2)(ಇ) ಪ್ರಕಾರ, ಅರ್ಜಿಯ ಹಿಂದಿನ ಐದು ವರ್ಷಗಳಲ್ಲಿ ನೈತಿಕ ಅಧಃಪತನದ ಅಪರಾಧಕ್ಕೆ ಎರಡು ವರ್ಷಕ್ಕೆ ಕಡಿಮೆಯಿಲ್ಲದ ಜೈಲು ಶಿಕ್ಷೆಯಾಗಿದ್ದರೆ ನಿರಾಕರಿಸಲಾಗುತ್ತದೆ. ಐದು ವರ್ಷ ದಾಟಿದ ಶಿಕ್ಷೆ ಈ ಕಾರಣಕ್ಕೆ ಅಡ್ಡಿಯಲ್ಲ. ಪ್ರಕರಣ ಬಾಕಿ ಇದ್ದರೆ ನ್ಯಾಯಾಲಯದ ಅನುಮತಿ ಬೇಕಾಗುತ್ತದೆ.

ವಿದೇಶದಲ್ಲಿ ಶಿಕ್ಷೆಯಾದ ಅಥವಾ ವಿದೇಶಕ್ಕೆ ಹೊರಟಿರುವ ಕನ್ನಡಿಗರು ಏನನ್ನು ಗಮನಿಸಬೇಕು?

ಬ್ರಿಟನ್ನಿನ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2023ರ ಅಕ್ಟೋಬರ್‌ನಿಂದ ಜಾರಿಯಾದ ಬದಲಾವಣೆಯಂತೆ, ಒಂದು ವರ್ಷದವರೆಗಿನ ಜೈಲು ಶಿಕ್ಷೆ ಮುಗಿದು ಒಂದು ವರ್ಷಕ್ಕೆ, ಒಂದರಿಂದ ನಾಲ್ಕು ವರ್ಷದ ಶಿಕ್ಷೆ ಮುಗಿದು ನಾಲ್ಕು ವರ್ಷಕ್ಕೆ, ಮತ್ತೆ ಅಪರಾಧ ಮಾಡಿರದಿದ್ದರೆ, ಆ ಶಿಕ್ಷೆಯನ್ನು ಸಾಮಾನ್ಯ ಕೆಲಸಗಳ ಅರ್ಜಿಯಲ್ಲಿ ಹೇಳಬೇಕಾಗಿಲ್ಲ. ಮಕ್ಕಳ ಜತೆಗಿನ ಕೆಲಸದಂಥ ಹುದ್ದೆಗಳಿಗೆ ಬೇರೆ ನಿಯಮವಿದೆ. ಅಮೆರಿಕದಲ್ಲಿ ರಾಜ್ಯದ ನ್ಯಾಯಾಲಯ ದಾಖಲೆ ಅಳಿಸಿದ್ದರೂ ಒಕ್ಕೂಟದ ವಲಸೆ ಕಾನೂನು ಬಹುಪಾಲು ಅದನ್ನು ಶಿಕ್ಷೆಯೆಂದೇ ಪರಿಗಣಿಸುತ್ತದೆ. ವೀಸಾ, ಗ್ರೀನ್ ಕಾರ್ಡ್, ಪೌರತ್ವದ ಅರ್ಜಿಗಳಲ್ಲಿ ಅಳಿಸಿದ ಪ್ರಕರಣವನ್ನೂ ಕೇಳುತ್ತಾರೆ; ಅಲ್ಲಿನ ವಲಸೆ ವಕೀಲರನ್ನು ಕೇಳದೆ ತಪ್ಪೊಪ್ಪಿಗೆಗೆ ಸಹಿ ಹಾಕಬಾರದು.

ಅಂತರ್ಜಾಲದಲ್ಲಿ ಹೆಸರು ಹುಡುಕಿದರೆ ತೀರ್ಪು ಸಿಗುತ್ತದೆ. ತೆಗೆಸಬಹುದೇ?

ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಪುಟ್ಟಸ್ವಾಮಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ ಸಾರುವುದಕ್ಕೂ ಮೊದಲೇ, ಅದೇ ವರ್ಷದ ಜನವರಿಯಲ್ಲಿ, ಕರ್ನಾಟಕ ಉಚ್ಚ ನ್ಯಾಯಾಲಯ ತಂದೆಯೊಬ್ಬರ ಅರ್ಜಿಯ ಮೇಲೆ ಅವರ ಮಗಳ ಹೆಸರು ಅಂತರ್ಜಾಲದ ಹುಡುಕಾಟದಲ್ಲಿ ಕಾಣದಂತೆ ನೋಡಿಕೊಳ್ಳಲು ಆದೇಶಿಸಿತ್ತು. 2021ರಲ್ಲಿ ದೆಹಲಿ ಉಚ್ಚ ನ್ಯಾಯಾಲಯ ಖುಲಾಸೆಯಾದವರೊಬ್ಬರಿಗೆ ಇದೇ ಬಗೆಯ ಮಧ್ಯಂತರ ಪರಿಹಾರ ಕೊಟ್ಟಿತು. ಇವೆರಡೂ ಶಿಕ್ಷೆ ಖಾಯಂ ಆದ ಪ್ರಕರಣಗಳಲ್ಲ ಎಂಬುದನ್ನು ಮರೆಯಬಾರದು. ಶಿಕ್ಷೆಯಾದವರಿಗೆ ಈ ದಾರಿ ಇನ್ನೂ ತೆರೆದುಕೊಂಡಿಲ್ಲ.

“ಹಣ ಕೊಟ್ಟರೆ ಸ್ಟೇಷನ್ ದಾಖಲೆಯಿಂದಲೇ ಹೆಸರು ತೆಗೆಸುತ್ತೇವೆ” ಎನ್ನುವವರನ್ನು ನಂಬಬಹುದೇ?

ಖಂಡಿತ ಬೇಡ. ಲಂಚ ಕೊಡುವುದು, ದಾಖಲೆ ತಿದ್ದಿಸುವುದು ಹೊಸ ಅಪರಾಧಗಳು.

ಯಾವ ಕಾಗದಪತ್ರಗಳನ್ನು ಇಟ್ಟುಕೊಳ್ಳಬೇಕು, ಯಾರನ್ನು ಕಾಣಬೇಕು?

ತೀರ್ಪಿನ ದೃಢೀಕೃತ ನಕಲು ಮೊದಲು ಬೇಕು. ನ್ಯಾಯಾಲಯದ ನಕಲು ವಿಭಾಗದಲ್ಲಿ ಪ್ರಕರಣ ಸಂಖ್ಯೆ ಮತ್ತು ವರ್ಷ ಬರೆದು ಅರ್ಜಿ ಕೊಟ್ಟರೆ ಸಿಗುತ್ತದೆ. ಹಳೆಯ ಕಡತಗಳನ್ನು ನಿಗದಿತ ಕಾಲದ ನಂತರ ನ್ಯಾಯಾಲಯಗಳು ವಿಲೇವಾರಿ ಮಾಡುವುದರಿಂದ, ಕೆಲಸದ ಅರ್ಜಿ ಬರುವವರೆಗೆ ಕಾಯದೆ ಈಗಲೇ ತೆಗೆದಿಡಿ. ದಂಡದ ರಸೀದಿ, ಮುಚ್ಚಳಿಕೆಯ ಪ್ರತಿ, ಬಿಡುಗಡೆ ಪತ್ರ ಇದ್ದರೆ ಅವನ್ನೂ ಜತೆಗಿಡಿ. ಪ್ರತಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇರುತ್ತದೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಬಂಧನದಲ್ಲಿರುವವರು ಮುಂತಾದವರು ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ವಕೀಲರ ನೆರವು ಪಡೆಯಬಹುದು, ಉಳಿದವರಿಗೆ ಆದಾಯದ ಮಿತಿ ಇದೆ. 15100ಕ್ಕೆ ಕರೆ ಮಾಡಿಯೂ ವಿಚಾರಿಸಬಹುದು.